ಜಾತಕದ ಕೆಳಗಿದ್ದ ನಂಬರ್

ಅಮ್ಮಾ,

ನನ್ನ ಫೋನ್ ಆಫ್ ಮಾಡಿ ಅಕ್ಕಿ ಡಬ್ಬಿ ಮೇಲಿಟ್ಟಿದೀನಿ, ಆನ್ ಮಾಡ್ಬೇಡ. ಅದಕ್ಕೇ ಈ ಚೀಟಿ.

ನೀನು ಫೇಸ್‌ಬುಕ್ಕಿನ ವಧು-ವರರ ಗುಂಪಲ್ಲಿ ಹಾಕಿದ್ಯಲ್ಲ ನನ್ನ ಜಾತಕ, ಅದರ ಕೆಳಗೆ ನನ್ನ ನಂಬರ್ರೂ ಇತ್ತು, ಮನೆ ವಿಳಾಸಾನೂ ಇತ್ತು. ಬೆಳಗಿಂದ ಮೂವತ್ತೊಂದು ಕಾಲ್ ಬಂತು. ಒಬ್ಬ ನನ್ನ ನಕ್ಷತ್ರದ ಹೆಸರು ಸೇರ್ಸಿ ಹಾಡೇ ಹಾಡ್ದ. ಬೇರೆ ದಿನ ಆಗಿದ್ರೆ ಬಿದ್ದು ಬಿದ್ದು ನಗ್ತಿದ್ದೆ. ಇವತ್ತು ಎಂತದೂ ಅನ್ನಿಸ್ಲಿಲ್ಲ. ಇನ್ನೊಬ್ಬ ನಮ್ಮ ಬಸ್‌ಸ್ಟಾಪಲ್ಲಿ ಕಾಯ್ತೀನಿ ಅಂದ.

ಮೊದ್ಲು ನಿನ್ನ ಫೋನಲ್ಲಿ ಆ ಪೋಸ್ಟ್ ತೆಗಿ. ತೆಗಿಯೋದು ಗೊತ್ತಾಗ್ದಿದ್ರೆ ಪಕ್ಕದ್ಮನೆ ಬೆಳ್ಳಮ್ಮನ ಮೊಮ್ಮಗಳನ್ನ ಕರಿ. ಗಂಜಿ ಒಲೆ ಮೇಲಿದೆ, ಬಿಸಿ ಮಾಡ್ಕೊ.

ಎದುರುಮನೆ ಯೋಗಣ್ಣನ ಬೈಕಲ್ಲಿ ಸಾಗರಕ್ಕೆ ಹೋಗಿ ಹೊಸ ಸಿಮ್ ತರ್ತೀನಿ. ನಿನ್ ಮೇಲೆ ಸಿಟ್ಟೇನಿಲ್ಲ. ಆದ್ರೆ ಹೊಸ ನಂಬರ್ ನಿಂಗೂ ಸದ್ಯ ಕೊಡಲ್ಲ.

ತನುಜಾ