ನಡುವಿನಿಂದ ಕೇಳಿದ ಪ್ರಶ್ನೆ

ಮಾರ್ಚ್ ೯, ಸೋಮವಾರ. ರಾತ್ರಿ ಹನ್ನೊಂದು ದಾಟಿದೆ. ವಿಜ್ಞಾನದ ಪರೀಕ್ಷೆಗೆ ಇನ್ನು ಹನ್ನೆರಡು ದಿನ.

ಹೋದ ವರ್ಷ ಇದೊಂದೇ ವಿಷಯ ಕೈಕೊಟ್ಟಿತು. ಈ ಸಲವೂ ಹೋದರೆ ಓದು ಸಾಕು, ಅಕ್ಕನ ಜೊತೆ ಹೊಲಿಗೆ ಅಂಗಡಿಗೆ ನಡಿ ಎಂದಿದ್ದಾರೆ ಅಪ್ಪ. ಅದಕ್ಕೇ ಇಡೀ ಗೈಡನ್ನು ಬಾಯಿಪಾಠ ಮಾಡಿದ್ದೆ.

ಊಟವಾದ ಮೇಲೆ ಅಕ್ಕ ಅಂಗಡಿಯಿಂದ ತಂದ ಅಂಗಿಗೆ ಗುಂಡಿ ಹೊಲಿಯುತ್ತಾ, ಗೈಡನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಕೇಳಿದಳು: "ಹೃದಯದ ಬಲಗಡೆಗೆ ಬಂದ ರಕ್ತ ಆಮೇಲೆ ಎಲ್ಲಿಗೆ ಹೋಗುತ್ತೆ?"

"ಹೃದಯವು ಸ್ನಾಯುಗಳಿಂದಾದ ಒಂದು ಅಂಗ..." ಎಂದು ಶುರುಮಾಡಿದೆ.

"ಬಸ್‌ಸ್ಟ್ಯಾಂಡ್ ಎಲ್ಲಿ ಅಂದ್ರೆ ಹುಟ್ಟಿದಾಗಿನಿಂದ ಕಥೆ ಹೇಳ್ತೀಯಲ್ಲೇ! ಕೇಳಿದ್ದಕ್ಕೆ ಹೇಳು."

"ಮೊದಲಿಂದ ಹೇಳಿದ್ರೇನೇ ಬರೋದು ಅಕ್ಕ."

ಅವಳು ನಕ್ಕಳು. ಇನ್ನೂ ನಾಲ್ಕು ಕೇಳಿದಳು. ನಾಲ್ಕಕ್ಕೂ ನನ್ನ ಬಾಯಿಗೆ ಪಾಠದ ಮೊದಲ ಸಾಲೇ ಬಂತು. ಆಮೇಲೆ ಅವಳು ನಗಲಿಲ್ಲ. ಗೈಡ್ ಮುಚ್ಚಿ, ಸೂಜಿಯನ್ನೇ ನೋಡುತ್ತಾ ಕೂತಳು.

ನಾನು ಓದಿದ ಅನುವಾದದ ಕಾದಂಬರಿಗಳಲ್ಲಾದರೆ, ಹೆಸರು ಹೇಳಲು ನನ್ನ ನಾಲಿಗೆ ಹೊರಳದ ಪಾತ್ರಗಳ ಕಥೆಯನ್ನೂ ಯಾವ ಪುಟದಿಂದ ಬೇಕಾದರೂ ಹೇಳಬಲ್ಲೆ. ಅವನ್ನು ಬಾಯಿಪಾಠ ಮಾಡಿರಲಿಲ್ಲ. ಯಾರು ಯಾಕೆ ಹೊರಟುಹೋದರು ಎಂಬುದು ತಿಳಿದಿತ್ತು, ಅಷ್ಟೇ. ರಕ್ತ ಯಾಕೆ ಶ್ವಾಸಕೋಶಕ್ಕೆ ಹೋಗಬೇಕು ಎಂಬುದು ಎರಡು ವರ್ಷವಾದರೂ ತಿಳಿದಿಲ್ಲ. ಕೇಳಿಯೂ ಇಲ್ಲ. ತರಗತಿಯಲ್ಲಿ ಒಮ್ಮೆಯೂ ಕೈ ಎತ್ತಿದವಳಲ್ಲ ನಾನು.

ಹನ್ನೆರಡು ದಿನ ಯಾವ ಮೂಲೆಗೆ ಸಾಲುತ್ತದೆ? ಅಳುವೂ ಬರುತ್ತಿಲ್ಲ.

ನಾಳೆ ಎಂಟೂವರೆಗೆ, ಬೇರೆ ಮಕ್ಕಳು ಬರುವ ಮುಂಚೆ, ವಿಜ್ಞಾನದ ಟೀಚರ್ ಹತ್ತಿರ ಹೋಗಿ ಹೇಳುತ್ತೇನೆ: ನನಗೆ ಒಂದೂ ಅರ್ಥವಾಗಿಲ್ಲ ಎಂದು.