ಹನ್ನೊಂದನೇ ಟೇಬಲ್ಲಿನ ಮಗಳಿಗೆ

ಸೋಮವಾರ, ಮಧ್ಯಾಹ್ನ ಮೂರು ಗಂಟೆ

ಗುಬ್ಬೀ,

ಸಿಟ್ಟಿನಲ್ಲಿರುವ ಮಗಳಿಗೆ ಆಶೀರ್ವಾದ ಮುಟ್ಟುತ್ತದೋ ಇಲ್ಲವೋ ಗೊತ್ತಿಲ್ಲ. ಆದರೂ ಮೊದಲು ಅದನ್ನೇ ಬರೆಯುತ್ತೇನೆ, ಆಮೇಲೆ ನಿನ್ನಿಷ್ಟ.

ನಿನ್ನ ಕಾಗದ ಶನಿವಾರ ಬಂತು. ಕಾಗದ ಅನ್ನುವುದಕ್ಕೆ ಅದರಲ್ಲಿ ಇದ್ದದ್ದು ಒಂದೇ ಸಾಲು. ಪೇಪರಿನ ತುಣುಕು ಕತ್ತರಿಸಿ ಅಂಟಿಸಿದ್ದೀಯ, ನನ್ನ ಫೋಟೋ ಸಮೇತ. ಮೇಲೆ ದಪ್ಪಕ್ಷರದಲ್ಲಿ "ಹೊಗೆಯಲ್ಲೇ ಬೆಳೆದ ನನ್ನ ಮಗಳಿಗೆ ಏನೂ ಆಗಿಲ್ಲ: ಹಿರಿಯ ಸಪ್ಲೈಯರ್". ಅದರ ಕೆಳಗೆ ನಿನ್ನ ಕೈಬರಹ: "ಹಾಗಾದ್ರೆ ನನ್ನ ಜೇಬಲ್ಲಿರೋದು ಏನಮ್ಮಾ?"

ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಒಳ್ಳೆಯದೇ ಆಯಿತು, ಎತ್ತಿದ್ದರೆ ನಾನು ಊಟ ಆಯಿತಾ, ಬಸ್ಸಿಗೆ ಹೊಸ ಟೈರು ಹಾಕಿಸಿದರಾ ಅಂತ ಕೇಳಿ ಇಟ್ಟುಬಿಡುತ್ತಿದ್ದೆ. ಬಾಯಲ್ಲಿ ಆಗದ್ದನ್ನು ಕೈಯಲ್ಲಿ ಬರೆಯೋಣ ಅಂತ ಕೂತಿದ್ದೇನೆ. ನಿನ್ನ ಡಿಪೋದ ಬಸ್ಸು ನಾಳೆ ಬೆಳಗ್ಗೆ ಇಲ್ಲಿಂದ ಹೊರಡುತ್ತದಲ್ಲ, ಆ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಅವರ ಮುಂದೆ ಓದಬೇಡ.

ನಿನ್ನ ಜೇಬಿನಲ್ಲಿರುವುದು ಉಬ್ಬಸದ ಪಂಪು ಅಂತ ನನಗೆ ಗೊತ್ತಿಲ್ಲವೇ? ಎಂಟನೇ ವಯಸ್ಸಿನಿಂದ ಮೂವತ್ತೆರಡರವರೆಗೆ ಎಷ್ಟು ಪಂಪು ಖಾಲಿಯಾದವು ಅಂತ ನೀನು ಮರೆತಿರಬಹುದು, ನಾನು ಮರೆತಿಲ್ಲ. ಗೊತ್ತಿದ್ದೂ ನಾಲ್ಕು ಜನರ ಮುಂದೆ ಯಾಕೆ ಹಾಗೆ ಹೇಳಿದೆ ಅನ್ನುವುದು ನಿನ್ನ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದರೆ ಹೋದ ಮಂಗಳವಾರದ ಸಭೆಯಿಂದಲೇ ಶುರು ಮಾಡಬೇಕು.

ಬಾರು, ರೆಸ್ಟೋರೆಂಟುಗಳ ಒಳಗೆ ಸಿಗರೇಟು ಸೇದುವುದನ್ನು ನಿಲ್ಲಿಸಬೇಕೋ ಬೇಡವೋ ಅಂತ ಪುರಸಭೆಯವರು ಅಹವಾಲು ಸಭೆ ಕರೆದಿದ್ದರು, ನಿನಗೆ ಗೊತ್ತೇ ಇದೆ. ಹೋಗಿ "ನಿಲ್ಲಿಸಿ" ಅಂತ ಹೇಳು ಅಂತ ನೀನು ಹೇಳಿದ್ದೆ. ಸಭೆಗೆ ಮೂರು ದಿನ ಮುಂಚೆ ನಮ್ಮ ಬಾರಿನ ಮಾಲೀಕರೂ ಹೇಳಿದ್ದರು, ಬಂದು "ನಿಲ್ಲಿಸೋದು ಬೇಡ" ಅಂತ ಹೇಳು ಅಂತ. ಅವರು ಹೆದರಿಸಲಿಲ್ಲ ಗುಬ್ಬಿ, ಅದನ್ನು ತಿಳಿದುಕೋ. ಲೋಟ ಒರೆಸುತ್ತಾ, ನನ್ನ ಮುಖ ನೋಡದೆ, "ನೋಡಮ್ಮಾ, ಇಲ್ಲಿ ಸೇದೋಕ್ಬಿಡ್ಲಿಲ್ಲ ಅಂದ್ರೆ ಜನ ಮನೇಲೇ ಕೂತು ಕುಡೀತಾರೆ. ಆಮೇಲೆ ನಾನೂ ನೀನೂ ಈ ಕುರ್ಚಿಗಳ್ನ ಒರೆಸ್ತಾ ಕೂರ್ಬೇಕು. ಒಂದೆರಡು ಮಾತು ಆಡು ಸಾಕು" ಅಂದರು. ಅತ್ತ ನೀನು, ಇತ್ತ ಅವರು. ನಾನು ಇಬ್ಬರಿಗೂ ಹೂಂ ಅಂದೆ. ಸುಸ್ತಾದವರು ಹಾಗೇ, ಎಲ್ಲರಿಗೂ ಹೂಂ ಅನ್ನುತ್ತಾರೆ.

ಸಭೆಗೆ ಹೋಗುವಾಗ ಬಾಯಿ ಬಿಡಬಾರದು ಅಂತಲೇ ನಿಶ್ಚಯ ಮಾಡಿದ್ದೆ. ಕೆಳಗಿನ ದೊಡ್ಡ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಒಬ್ಬೊಬ್ಬರಿಗೆ ಮೂರು ನಿಮಿಷ, ಆಮೇಲೆ ಗಂಟೆ. ಹೋಟೆಲಿನವರೆಲ್ಲ ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡು ಎಡಗಡೆ ಕೂತಿದ್ದರು, ನನಗೂ ಒಂದು ಸಿಕ್ಕಿಸಿದರು. ಒಬ್ಬ ಗಾರೆ ಕೆಲಸದವನು ಎದ್ದು, "ದಿನವಿಡೀ ಬಿಸಿಲಲ್ಲಿ ಬೆಂದು ಬರ್ತೀವಿ ಸ್ವಾಮಿ, ಕೂತು ಒಂದು ಸಿಗರೇಟು ಸೇದೋಕೂ ಜಾಗ ಬೇಡ್ವಾ ನಮಗೆ?" ಅಂದ. ಅವನ ಮಾತು ನನಗೆ ಸುಳ್ಳು ಅನ್ನಿಸಲಿಲ್ಲ. ಸೇದುವವರಿಗೆ ಬೇರೆ ಟೇಬಲ್ ಇಟ್ಟರಾಯಿತು ಅಂತ ಇನ್ನೊಬ್ಬರು ಹೇಳಿದಾಗ ಹಿಂದಿನಿಂದ ಒಬ್ಬಳು, "ಹೊಗೆಗೆ ಟೇಬಲ್ ನಂಬರ್ ಓದೋಕೆ ಬರುತ್ತಾ?" ಅಂತ ಕೂಗಿದಳು. ಇಡೀ ಹಾಲು ನಕ್ಕಿತು. ನಾನೂ ನಕ್ಕೆ.

ಅಲ್ಲಿವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ಒಬ್ಬ ಡಾಕ್ಟರು ಬಂದರು, ಇನ್ನೂ ಚಿಕ್ಕ ವಯಸ್ಸು. ಪರದೆಯ ಮೇಲೆ ಒಂದು ಮಗುವಿನ ಎದೆಯ ಚಿತ್ರ ಹಾಕಿದರು. ಸೇದುವವರ ವಿಷಯ ಬಿಡಿ, ಅಂಥ ಕೋಣೆಯಲ್ಲಿ ದಿನಾ ಕೂತು ಬೆಳೆಯುವ ಮಕ್ಕಳ ಎದೆ ಏನಾಗುತ್ತದೆ ಅನ್ನುವುದನ್ನು ಯಾರೂ ಕೇಳುತ್ತಿಲ್ಲ ಅಂದರು. ಮಕ್ಕಳನ್ನು ಅಂಥ ಕಡೆ ಯಾರಾದರೂ ಕರಕೊಂಡು ಹೋಗುತ್ತಾರಾ ಅಂತ ಪಕ್ಕದ ಹೆಂಗಸು ಗೊಣಗಿದಳು. ಅವಳು ನನಗೆ ಹೇಳಿರಲಿಲ್ಲ, ನಾನು ಯಾರೆಂದೇ ಅವಳಿಗೆ ಗೊತ್ತಿರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ, ಎದ್ದೇ ನಿಂತುಬಿಟ್ಟೆ. ಮೈಕು ಕೈಗೆ ಬಂತು. "ಇಪ್ಪತ್ತಾರು ವರ್ಷದಿಂದ ಆ ಹೊಗೇಲೇ ಕೆಲಸ ಮಾಡ್ತಿದೀನಿ, ನನಗೇನೂ ಆಗಿಲ್ಲ. ನನ್ನ ಮಗಳೂ ಅಲ್ಲೇ ಕೂತು ಬೆಳೆದ್ಲು. ಅವಳಿಗೂ ಏನೂ ಆಗಿಲ್ಲ. ಇವತ್ತು ಬಸ್ ಓಡಿಸ್ತಾಳೆ" ಅಂದೆ.

ಎಡಗಡೆಯವರೆಲ್ಲ ಚಪ್ಪಾಳೆ ತಟ್ಟಿದರು. ನನ್ನ ಜೀವಮಾನದಲ್ಲಿ ಯಾರೂ ನನಗೆ ಚಪ್ಪಾಳೆ ತಟ್ಟಿರಲಿಲ್ಲ. ತಟ್ಟಿದ್ದು ಇದಕ್ಕೆ.

ಮಾರನೆಯ ದಿನ ಮಧ್ಯಾಹ್ನ ಮೇಷ್ಟ್ರು ಬಾರಿಗೆ ಬಂದರು. ಬಾರಿನಲ್ಲೇ ಪಕ್ಕ ಕೂತು ನಿನಗೆ ಮಗ್ಗಿ ಕಲಿಸಿದ ಮೇಷ್ಟ್ರು. ಈಗ ಎಪ್ಪತ್ತೊಂಬತ್ತು, ಕಣ್ಣು ಮಂಜು, ಸಿಗರೇಟು ಮಾತ್ರ ಬಿಟ್ಟಿಲ್ಲ. ಅವರೂ ಸಭೆಯಲ್ಲಿದ್ದರು, ಸೇದುವವರ ಕಡೆಯೇ ಕೂತಿದ್ದರು. ಚಹಾ ಇಟ್ಟೆ. ಕುಡಿಯಲಿಲ್ಲ. "ಚಪ್ಪಾಳೆ ಹೊಡೆಯೋಕೆ ನನ್ನ ಕೈ ಏಳಲಿಲ್ಲಮ್ಮಾ" ಅಂದರು. ನಾನು ಟೇಬಲ್ ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಆ ಹುಡುಗಿ ಹದಿನೇಳರ ಮಗ್ಗಿ ಹೇಳ್ತಾ ಹೇಳ್ತಾ ನಡುವೆ ನಿಲ್ಲಿಸಿಬಿಡೋಳು. ಮರೆತ್ಲು ಅಂತ ನಾನು ಬೈತಿದ್ದೆ. ಗೆಣ್ಣಿಗೆ ಹೊಡೆದೂ ಇದೀನಿ. ಅವಳು ಮರೀತಿರಲಿಲ್ಲ ಕಣಮ್ಮಾ, ಉಸಿರು ಎಳ್ಕೊಳ್ಳೋಕೆ ನಿಲ್ಲಿಸ್ತಿದ್ಲು. ಅದೂ ನನ್ನ ಸಿಗರೇಟಿನ ಹೊಗೇಲೇ."

ಅಷ್ಟು ಹೇಳಿ ಕೋಲು ಹಿಡಿದು ಎದ್ದು ಹೋದರು. ಅವರ ಚಹಾ ನಾನೇ ಕುಡಿದೆ, ಆರಿ ತಣ್ಣಗಾದ ಮೇಲೆ.

ಈಗ ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ನಿಮ್ಮಪ್ಪ ತೀರಿಕೊಂಡ ವರ್ಷ ನಿನಗೆ ಆರು. ಸ್ಕೂಲು ಬಿಟ್ಟ ಮೇಲೆ ನಿನ್ನನ್ನು ಎಲ್ಲಿ ಬಿಡುವುದು ಅಂತ ದಿಕ್ಕು ತೋಚದೆ ಬಾರಿಗೆ ಕರಕೊಂಡು ಹೋಗುತ್ತಿದ್ದೆ, ಬೇರೆ ದಾರಿ ಇರಲಿಲ್ಲ ಅಂತ ನಿನಗೆ ನೂರು ಸಲ ಹೇಳಿದ್ದೇನೆ. ಬೇರೆ ದಾರಿ ಇತ್ತು. ಕೆಳಗಿನ ಮನೆಯ ಟೈಲರಮ್ಮ ಮಗುವನ್ನು ನನ್ನ ಹತ್ತಿರ ಬಿಟ್ಟು ಹೋಗು, ನಾನು ನೋಡಿಕೊಳ್ಳುತ್ತೇನೆ ಅಂದಿದ್ದಳು. ಬಾಯಿಮಾತಿಗಲ್ಲ, ನಿನಗೆ ಮಲಗೋಕೆ ಅಂತ ಮೆಷಿನ್ನಿನ ಪಕ್ಕ ಹಾಸಿಗೆ ಕೂಡ ಹಾಕಿ ತೋರಿಸಿದಳು. ಹಾಗೆ ಹೇಳುವಾಗ, "ಪಾಪ, ಬಾರಲ್ಲಿ ಕೆಲಸ ಮಾಡೋಳ ಮಗು ಅಂತ ಅನ್ನಿಸ್ಕೊಳ್ಳೋದು ಯಾಕೆ" ಅಂದಳು. ಒಂದೇ ಮಾತು. ಆ ಒಂದು ಮಾತಿಗೆ ನನಗೆ ಮೈಯೆಲ್ಲ ಉರಿಯಿತು. ಬಾರಲ್ಲಿ ಕೆಲಸ ಮಾಡುವವಳ ಮಗು ಬಾರಲ್ಲೇ ಬೆಳೆಯುತ್ತಾಳೆ, ರಾಣಿಯ ಹಾಗೆ ಬೆಳೆಯುತ್ತಾಳೆ ಅಂತ ಹಟ ಹಿಡಿದೆ. ಅಡುಗೆಮನೆ ಬಾಗಿಲ ಪಕ್ಕದ ಹನ್ನೊಂದನೇ ಟೇಬಲ್ಲಿನಲ್ಲಿ ದಿನಾ ನಿನ್ನನ್ನು ಕೂರಿಸಿದೆ. ನನ್ನ ಮಾನಕ್ಕೆ ನಿನ್ನ ಉಸಿರು ಕೊಟ್ಟೆ.

ಇನ್ನೊಂದು ಇದೆ. ಎಂಟನೇ ವಯಸ್ಸಿನಲ್ಲಿ ನಿನಗೆ ಮೊದಲ ಸಲ ಉಬ್ಬಸ ಜೋರಾಗಿ ಬಂದು ಆಸ್ಪತ್ರೆಗೆ ಸೇರಿಸಿದೆವಲ್ಲ, ಆಗ ಡಾಕ್ಟರು ನನ್ನನ್ನು ಹೊರಗೆ ಕರೆದು, ಮನೆಯಲ್ಲಿ ಯಾರು ಸೇದುತ್ತಾರೆ ಅಂತ ಕೇಳಿದರು. ಯಾರೂ ಇಲ್ಲ ಅಂದೆ. ಅದು ನಿಜವೇ. ಮಗು ಹೊಗೆಯಿರುವ ಕಡೆ ಕೂರುತ್ತದಾ ಅಂತ ಕೇಳಿದರು. ಇಲ್ಲ ಅಂದೆ. ಒಳಗೆ ಬಂದು ನಿನಗೆ, ಇದು ನಿಮ್ಮಜ್ಜಿಯಿಂದ ಬಂದದ್ದು, ಅವಳಿಗೂ ಉಬ್ಬಸ ಇತ್ತು ಅಂತ ಹೇಳಿದೆ. ನೀನು ನಂಬಿದೆ. ಸ್ಕೂಲಿನ ಫಾರಮ್ಮಿನಲ್ಲಿ, ಡ್ರೈವಿಂಗ್ ಲೈಸೆನ್ಸಿಗೆ ಡಾಕ್ಟರ ಮುಂದೆ, ಎಲ್ಲ ಕಡೆ "ಅಜ್ಜಿಯಿಂದ" ಅಂತ ಹೇಳಿಕೊಂಡು ಬಂದೆ. ನಿಮ್ಮಜ್ಜಿ ಎಂಬತ್ತರವರೆಗೆ ತಲೆಯ ಮೇಲೆ ನೀರಿನ ಕೊಡ ಹೊತ್ತಳು ಗುಬ್ಬಿ. ಅವಳಿಗೆ ಒಂದು ದಿನವೂ ಉಬ್ಬಸ ಬಂದದ್ದಿಲ್ಲ. ಸತ್ತವಳ ಮೇಲೆ ಹೊರಿಸಿದೆ, ಅವಳು ಬಂದು ಇಲ್ಲ ಅನ್ನುವುದಿಲ್ಲವಲ್ಲ.

ಹೊಗೆಯಿಂದ ಏನೂ ಆಗುವುದಿಲ್ಲ ಅಂತ ನಾನು ಹೇಳಿದ್ದು ಮಾಲೀಕರಿಗಾಗಿ ಅಂತ ಊರೆಲ್ಲ ಅಂದುಕೊಂಡಿದೆ. ನೀನೂ ಹಾಗೇ ಅಂದುಕೊಂಡಿರಬಹುದು. ನಿಜ ಏನೆಂದರೆ, ಆಗುತ್ತದೆ ಅಂತ ಒಪ್ಪಿಕೊಂಡರೆ ನಿನಗೆ ಮಾಡಿದವಳು ನಾನೇ ಅಂತ ಆಗುತ್ತದಲ್ಲ. ಒಂದು ಸುಳ್ಳನ್ನು ಇಪ್ಪತ್ತನಾಲ್ಕು ವರ್ಷ ಹೊರುವುದು ಊಟದ ತಟ್ಟೆ ಹೊತ್ತ ಹಾಗೆ. ಮೊದಲು ಭಾರ ಗೊತ್ತೇ ಆಗುವುದಿಲ್ಲ, ಕೊನೆಗೆ ಮಣಿಕಟ್ಟೇ ಬಿದ್ದುಹೋಗುತ್ತದೆ. ನನಗೆ ಈಗ ಅಷ್ಟೇ ಆಗಿದೆ. ಕ್ಷಮಿಸು ಅಂತ ಕೇಳುವಷ್ಟು ಶಕ್ತಿಯೂ ಇಲ್ಲ. ಗೊತ್ತಿರಲಿ ಅಂತ ಹೇಳುತ್ತಿದ್ದೇನೆ.

ಮೇಷ್ಟ್ರು ಹೋದ ಮೇಲೆ ಒಂದು ಹೇಳಿಕೆ ಬರೆದೆ. ಸಭೆಯಲ್ಲಿ ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲವಂತೆ, ಆದರೆ ಬರುವ ಶುಕ್ರವಾರದೊಳಗೆ ಬರಹದಲ್ಲಿ ಇನ್ನೊಂದು ಕೊಡಬಹುದಂತೆ. ಅರ್ಧ ಪುಟ. ನಾನು ಹೇಳಿದ್ದು ಸುಳ್ಳು, ನನ್ನ ಮಗಳಿಗೆ ಎಂಟನೇ ವಯಸ್ಸಿನಿಂದ ಉಬ್ಬಸ ಇದೆ, ಅವಳು ಎಲ್ಲಿ ಕೂತು ಬೆಳೆದಳು, ಎಷ್ಟು ವರ್ಷ ಕೂತಳು, ಇಷ್ಟು.

ಕೊಡುವ ಮೊದಲು ಮಾಲೀಕರಿಗೆ ತೋರಿಸಿದೆ. ಉಪ್ಪು ತಿಂದ ಮನೆ, ಬೆನ್ನ ಹಿಂದೆ ಮಾಡುವುದು ಬೇಡ ಅನ್ನಿಸಿತು. ಗಲ್ಲಾಪೆಟ್ಟಿಗೆಯ ಹತ್ತಿರ ನಿಂತೇ ಓದಿದರು. ಎರಡು ಸಲ ಓದಿದರು. ಬೈದರೆ ಬೈಯಲಿ, ಕೆಲಸ ಬಿಡಿಸಿದರೆ ಬಿಡಿಸಲಿ ಅಂತ ಏಪ್ರನ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ. ಅವರು ಕಾಗದ ಮಡಚಿ ವಾಪಸ್ ಕೊಟ್ಟು, "ಆ ಟೇಬಲ್ ತೋರಿಸಿದ್ದು ನಾನೇ ಅಲ್ವಾ. ಅಲ್ಲಿ ಗಿರಾಕಿ ಕೂರೋಲ್ಲ, ಅಲ್ಲೇ ಕೂರಿಸು ಅಂದಿದ್ದೆ" ಅಂದರು. ನನ್ನ ಕೈಯಲ್ಲಿದ್ದ ಏಪ್ರನ್ ನೋಡಿ, "ಕೊಡು. ನಾಳೆ ಹೊತ್ತಿಗೆ ಸರಿಯಾಗಿ ಬಾ" ಅಂದರು. ಆಮೇಲೆ ಸಿಗರೇಟು ತೆಗೆದುಕೊಂಡು ಬೀದಿಗೆ ಹೋಗಿ ನಿಂತು ಸೇದಿದರು. ಇಪ್ಪತ್ತಾರು ವರ್ಷದಲ್ಲಿ ಅವರು ಹೊರಗೆ ಹೋಗಿ ಸೇದಿದ್ದನ್ನು ನಾನು ನೋಡಿದ್ದು ಅವತ್ತೇ. ಅದರಿಂದ ನಾಳೆ ಬಾರಿನಲ್ಲಿ ಹೊಗೆ ಇರುವುದಿಲ್ಲ ಅಂತಲ್ಲ. ಮಾರನೆಯ ದಿನ ಎಂದಿನಂತೆ ಗಲ್ಲಾಪೆಟ್ಟಿಗೆಯ ಹತ್ತಿರವೇ ಕೂತು ಸೇದುತ್ತಿದ್ದರು.

ಹೇಳಿಕೆಯನ್ನು ಹೋದ ಶುಕ್ರವಾರವೇ ಪುರಸಭೆಗೆ ಕೊಟ್ಟುಬಂದೆ. ಮಹಡಿಯ ಮೇಲಿನ ಆಫೀಸಿನ ಗುಮಾಸ್ತ ಓದಿ, ಮೊಹರು ಒತ್ತಿ ಇಟ್ಟುಕೊಂಡ. ಒಳ್ಳೆಯ ಮನುಷ್ಯ, ಕೂರಲು ಕುರ್ಚಿ ಕೊಟ್ಟ. ಇನ್ನು ಅವರು ಏನು ತೀರ್ಮಾನ ಮಾಡುತ್ತಾರೋ ಮಾಡಲಿ. ನನ್ನ ಪಾಲಿನದು ಮುಗಿಯಿತು. ನನ್ನ ಆರೋಗ್ಯದ ಬಗ್ಗೆ ಚಿಂತೆ ಮಾಡಬೇಡ, ಸ್ವಲ್ಪ ಕೆಮ್ಮು, ಹವಾ ಬದಲಾಗಿದೆಯಲ್ಲ, ಅದಕ್ಕೆ.

ಬಸ್ಸು ನಿಧಾನ ಓಡಿಸು. ಪಂಪು ಜೇಬಿನಲ್ಲೇ ಇರಲಿ, ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರೆ ಬಿಸಿಲಿಗೆ ಹಾಳಾಗುತ್ತದೆ. ಉತ್ತರ ಬರೆಯಬೇಕು ಅನ್ನಿಸಿದಾಗ ಬರಿ. ಅನ್ನಿಸದಿದ್ದರೂ ನಾನೇನೂ ಅನ್ನುವುದಿಲ್ಲ.

ಇಂತಿ,
ನಿನಗೆ ಬೇಕಾದಷ್ಟು ಸುಳ್ಳು ಹೇಳಿದ, ನಿನ್ನನ್ನು ಅಷ್ಟೇ ಪ್ರೀತಿಸುವ
ಅಮ್ಮ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದರಲ್ಲಿ ಗುಮಾಸ್ತನ ವಿಷಯ ಸುಳ್ಳು. ಅವನ ಮುಖವನ್ನೇ ನಾನು ನೋಡಿಲ್ಲ. ಹೇಳಿಕೆ ಇನ್ನೂ ಕೊಟ್ಟಿಲ್ಲ, ಈ ಕಾಗದದ ಜೊತೆಗೇ ಇಟ್ಟಿದ್ದೇನೆ, ನೋಡು. ಹೆದರಿ ವಾಪಸ್ ಬಂದೆ ಅಂದುಕೊಳ್ಳಬೇಡ. ಆ ಆಫೀಸಿಗೆ ಮೂವತ್ತೆರಡು ಮೆಟ್ಟಿಲು. ಶುಕ್ರವಾರ ಹದಿನಾಲ್ಕನೆಯದರಲ್ಲಿ ಉಸಿರು ಸಿಗದೆ ಕೂತುಬಿಟ್ಟೆ. ಇವತ್ತು ಬೆಳಗ್ಗೆ ಮತ್ತೆ ಹೋದೆ, ಒಂಬತ್ತನೆಯದರಲ್ಲೇ ಕೂತೆ. ಯಾರೋ ನೀರು ತಂದುಕೊಟ್ಟರು. ಗುರುವಾರ ನಿನಗೆ ರಜೆಯಲ್ಲವಾ? ಬಾ. ಬರುವಾಗ ಹೇಳಿಕೆಯನ್ನೂ ತಾ, ಗಡುವು ಮುಗಿಯುವ ಮೊದಲು ಕೊಡೋಣ. ಆ ಪಂಪನ್ನು ಹೇಗೆ ಹಿಡಿಯಬೇಕು, ಯಾವಾಗ ಉಸಿರು ಎಳೆಯಬೇಕು ಅಂತ ನನಗೂ ಹೇಳಿಕೊಡು.