ರುದ್ರವ್ವನ ಬಲಗೈ

ಹುಬ್ಬಳ್ಳಿ, ಫೆಬ್ರವರಿ ೩೦, ೨೨೪೭

ಪೂಜ್ಯ ಮುತ್ತಜ್ಜ ಮಲ್ಲೇಶಪ್ಪನವರಿಗೆ ನಿಮ್ಮ ಏಳನೆಯ ತಲೆಯ ಕುಡಿ ಚೆನ್ನವೀರನ ನಮಸ್ಕಾರಗಳು. ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ನ್ಯಾಯ ಸಿಕ್ಕಿದೆ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ, ನಿಮ್ಮ ಕನ್ನಡವನ್ನು ನಾನು ಕಲಿತದ್ದು ಕಾಲೇಜಿನಲ್ಲಿ. ಕಾಗದವನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಹಿಂದಿನ ಕಾಲಕ್ಕೆ ಹೋಗುವ ಈ ಅಂಚೆ ಪಕ್ಕದ ಓಣಿಗೆ ಹೋಗುವ ಅಂಚೆಗಿಂತ ಬೇಗ ತಲುಪುತ್ತದೆ.

ಮೊದಲಿಗೆ ಗಂಭೀರವಾದೊಂದು ತಪ್ಪೊಪ್ಪಿಗೆ. ಮ್ಯೂಸಿಯಮ್ಮಿನಿಂದ ನಿಮ್ಮ ಕಾಲದ, ಗಿರಗಿರ ತಿರುಗಿ ಅರೆಯುವ ರೋಟರಿ ಟೂಲನ್ನು ರೊಟ್ಟಿಯ ಬುತ್ತಿಯಲ್ಲಿಟ್ಟು ಮನೆಗೆ ತಂದವನು ನಾನೇ. ಇದರಲ್ಲಿ ಬೇರೆ ಯಾರ ಕೈವಾಡವೂ ಇಲ್ಲ. ಅದರ ಚೀಟಿಯಲ್ಲಿ ‘ದಂತವೈದ್ಯರ ಆಯುಧ’ ಎಂದಿತ್ತು. ಹೆಸರೇ ತಪ್ಪಾಗಿರುವ ವಸ್ತುವನ್ನು ಕದ್ದರೆ ಅದು ಅರ್ಧ ಕಳವು ಮಾತ್ರ ಎಂಬುದು ನನ್ನ ವಾದ.

ಕದ್ದದ್ದು ನೀವು ಮಾಡಿದ ಗೊಂಬೆ ರುದ್ರವ್ವನಿಗಾಗಿ. ಕೈಕಾಲು ಮಡಚುವ ಆಟಿಕೆ ವೀರನೊಬ್ಬನ ಉಬ್ಬಿದ ತೋಳುಗಳನ್ನು ಅರೆದು ಸಣ್ಣಗೆ ಮಾಡಿ, ಬೆನ್ನ ಮೇಲಿನ ಹೊದಿಕೆ ಕತ್ತರಿಸಿ ಟಿಕೆಟ್ ಚೀಲ ಹೊಲಿದು, ಬಸ್ ಕಂಡಕ್ಟರ್ ಆಗಿದ್ದ ನಿಮ್ಮ ಹೆಂಡತಿಯನ್ನು ಆ ವೀರನೊಳಗಿಂದ ಹೊರತೆಗೆದಿರಲ್ಲ, ಅದಕ್ಕೆ ಎಷ್ಟು ಕೈಮುಗಿದರೂ ಸಾಲದು. ಸೊಟ್ಟ ಮೂಗನ್ನೂ ನೀವು ತಿದ್ದಲಿಲ್ಲ. ಮುತ್ತಜ್ಜಿಯ ಮುಖ ನಮಗೆ ಉಳಿದಿರುವುದು ಆ ಗೊಂಬೆಯಲ್ಲಿ ಮಾತ್ರ.

ಕಳೆದ ತಿಂಗಳು ಅವಳ ಬಲಗೈ ಕೈಕೊಟ್ಟಿತು. ಕೆಳಗೆ ಬಿದ್ದು ಚೂರುಚೂರಾಯಿತು. ನಮ್ಮಲ್ಲಿ ಕರಗುಕಟ್ಟಳೆ ಎಂಬ ಕಾನೂನಿದೆ: ಕೆಲಸ ಮಾಡುವ ಹಳೆಯ ಪ್ಲಾಸ್ಟಿಕ್ ಮನೆಯಲ್ಲಿರಬಹುದು, ಮುರಿದದ್ದು ಕುಲುಮೆಗೆ. ತಪಾಸಣೆಗೆ ಬರುವವನು ಕರಗುದಾರ. ಅವನು ಬರುವ ಮೊದಲು ನಾನು ಅಚ್ಚಮ್ಮನ ಮೊರೆಹೊಕ್ಕೆ. ಅಚ್ಚಮ್ಮ ಎಂದರೆ ಹೇಳಿದ್ದನ್ನು ಅಚ್ಚುಹಾಕಿ ಕೊಡುವ ಯಂತ್ರ. ನಮ್ಮ ಅಂಗಿ, ಅಗುಳಿ, ರೊಟ್ಟಿ ಎಲ್ಲ ಅವಳದೇ. ರೊಟ್ಟಿ ಒಂದೂ ಸೀಯುವುದಿಲ್ಲ, ಹಾಗಾಗಿ ರುಚಿಯೂ ಇರುವುದಿಲ್ಲ. ಅವಳು ಬಿಡಿ ಕೈ ಕೊಡುವುದಿಲ್ಲವೆಂದು ಇಡೀ ಗೊಂಬೆಯನ್ನೇ ಹೊಸದಾಗಿ ಕೊಟ್ಟಳು. ಸೋದರತ್ತೆ ನೀಲಗಂಗವ್ವ ಅದನ್ನು ಬೆಳಕಿಗೆ ಹಿಡಿದು ನೋಡಿ ನನಗೇ ವಾಪಸು ಕೊಟ್ಟರು.

“ಇಕಿ ನಮ್ಮಾಕಿ ಅಲ್ಲ. ನಮ್ಮಾಕಿ ಮೂಗು ಸೊಟ್ಟ ಇತ್ತು.”

ಹಾಗಾಗಿ ನಿಮ್ಮ ಕಾಲದ ಪ್ಲಾಸ್ಟಿಕ್ ಬಕೆಟ್ಟಿನ ಹಿಡಿಯೊಂದನ್ನು ಹುಡುಕಿ ನಾನೇ ಕುಳಿತೆ. ಅರೆಯುವುದು ಅರೆಬರೆ ಕಲಿತವರ ಕೆಲಸವಲ್ಲ ಎಂದು ಆಗ ತಿಳಿಯಿತು. ವೇಗ ಹೆಚ್ಚಿದ್ದರೆ ಕೆಲಸ ಬೇಗವೆಂದುಕೊಂಡು ಟೂಲನ್ನು ಪೂರ್ತಿ ವೇಗದಲ್ಲಿ ತಿರುಗಿಸಿದೆ. ಪ್ಲಾಸ್ಟಿಕ್ ಕರಗಿ ಬೆಲ್ಲದ ಪಾಕದಂತೆ ಟೂಲಿನ ಮುಳ್ಳಿಗೆ ಮೆತ್ತಿಕೊಂಡಿತು. ಕುಲುಮೆಯ ಕೆಲಸವನ್ನು ನೀನೇ ಮುಗಿಸುತ್ತೀಯಲ್ಲ ಎಂದು ಅತ್ತೆ ಮೆಚ್ಚಿಕೊಂಡರು. ಆಮೇಲೆ ನಿಧಾನ ಕಲಿತೆ: ತುಸು ತಾಗಿಸುವುದು, ಎತ್ತುವುದು, ಆರಲು ಬಿಡುವುದು. ಭುಜದ ಗೂಟವನ್ನು ಒಂದು ಉಸಿರಿನಷ್ಟು ಹೆಚ್ಚು ಅರೆದರೂ ತೋಳು ಜೋತುಬೀಳುತ್ತದೆ. ನೀವು ಇದನ್ನು ಬೇಸರಪಡದೆ ಮಾಡಿದ್ದೀರೆಂದರೆ ಮುತ್ತಜ್ಜಿಯ ಮೇಲೆ ಎಷ್ಟು ಪ್ರೀತಿಯಿದ್ದಿರಬೇಕು! ಉಳಿದ ಕೈಯನ್ನು ಎದುರಿಗಿಟ್ಟುಕೊಂಡು ಕೂದಲೆಳೆಯಷ್ಟೂ ತಪ್ಪದಂತೆ ಹೊಸದನ್ನು ಕೆತ್ತಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನಿಮ್ಮದು ಯಾವುದು, ನನ್ನದು ಯಾವುದು ಎಂದು ನೀವೂ ಹೇಳಲಾರಿರಿ.

ಕರಗುದಾರ ಬಂದ. ತೋಳನ್ನು ಎತ್ತಿದ, ಇಳಿಸಿದ. ಗೂಟ ಗಟ್ಟಿಯಾಗಿತ್ತು. ಆಮೇಲೆ ಹುಬ್ಬು ಗಂಟಿಕ್ಕಿ, ಈ ಅಂಗೈ ಯಾಕೆ ಹೊರಗೆ ತಿರುಗಿದೆ ಎಂದು ಕೇಳಿದ. ಅತ್ತೆ ಅಡಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

“ರೊಕ್ಕ ಕೇಳೋ ಕೈ ಹೊರಗೇ ತಿರುಗಿರತೈತಿ, ತಮ್ಮಾ. ನೀ ಬಸ್ ನೋಡೀಯೇನು?”

ಅವನು ನೋಡಿರಲಿಲ್ಲ. ಅತ್ತೆಯೂ ನೋಡಿಲ್ಲ. ಮುದ್ರೆ ಒತ್ತಿ ಹೋದ. ರುದ್ರವ್ವ ಈಗ ಗೂಡಿನಲ್ಲಿ, ಸೊಟ್ಟ ಮೂಗಿನ ಸಮೇತ, ಕ್ಷೇಮ.

ನಿಮ್ಮಲ್ಲೊಂದು ಬೇಡಿಕೆ. ಈ ಕಾಗದ ಕೈಸೇರಿದ ದಿನವೇ ಇನ್ನೊಂದು ಬಲಗೈ ಅರೆದು ಅವಳ ಟಿಕೆಟ್ ಚೀಲದೊಳಗೆ ಇಟ್ಟುಬಿಡಿ. ನಾನಿಲ್ಲಿ ತೆರೆದು ನೋಡುತ್ತೇನೆ. ಯಾಕೆಂದರೆ, ಮುತ್ತಜ್ಜ, ಎದುರಿಗಿಟ್ಟುಕೊಂಡಿದ್ದ ಆ ಉಳಿದ ಕೈ ಎಡಗೈ. ಕೂದಲೆಳೆಯಷ್ಟೂ ತಪ್ಪದಂತೆ ನಾನು ಕೆತ್ತಿದ್ದೂ ಎಡಗೈಯೇ.